ಈಗಲೇ ಬೇಕು ಅನ್ನುವ ಮನಸ್ಸು, ಕಾಯಲು ಕಲಿಸುವ ಪ್ರಾರ್ಥನೆ

(ತಪಸ್ಸು ಕಾಲದಲ್ಲಿ ಯುವಜನರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲ ಬಂತು ಅಂದರೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ‘ಈ ಸಲ ಏನು ಬಿಡ್ತಾ ಇದ್ದೀಯ?’ ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಸಿಹಿ ಬಿಡುತ್ತಾರೆ. ಈಗೀಗ ಇನ್‌ಸ್ಟಾಗ್ರಾಂ ಬಿಡುವವರೂ ಇದ್ದಾರೆ. ಒಳ್ಳೆಯದೇ. ಆದರೆ ಬಿಟ್ಟದ್ದೆಲ್ಲ ಈಸ್ಟರ್ ದಿನ ಮಧ್ಯಾಹ್ನದ ಹೊತ್ತಿಗೆ ಬಡ್ಡಿ ಸಮೇತ ವಾಪಸ್ ಬಂದಿರುತ್ತದೆ. ಹೀಗೆ ಯಾಕಾಗುತ್ತದೆ? ಇವತ್ತು ಅದನ್ನೇ ಮಾತಾಡೋಣ.

ಮೊದಲು ಒಂದು ಪ್ರಯೋಗದ ವಿಷಯ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು ಶಿಶುವಿಹಾರದ ಮಕ್ಕಳ ಮುಂದೆ ತಿಂಡಿ ಇಟ್ಟು ನೋಡಿದರು. ಈಗಲೇ ತಿಂದರೆ ಒಂದು, ನಾನು ಬರುವ ತನಕ ಕಾದರೆ ಎರಡು. ಇದರ ವಿಡಿಯೋ ನಿಮ್ಮಲ್ಲಿ ಬಹಳ ಜನ ವಾಟ್ಸಾಪಿನಲ್ಲಿ ನೋಡಿರುತ್ತೀರಿ. ಕೊನೆಯಲ್ಲಿ ‘ತಡೆದುಕೊಂಡ ಮಕ್ಕಳು ಜೀವನದಲ್ಲಿ ಮುಂದೆ ಬಂದರು’ ಅಂತ ಒಂದು ಸಾಲು ಇರುತ್ತದೆ. ಆ ಸಾಲು ಅಷ್ಟು ಗಟ್ಟಿಯಲ್ಲ. ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ ಸಂಬಂಧ ತುಂಬಾ ತೆಳುವಾಗುತ್ತದೆ ಅಂತ 2018ರ ಒಂದು ಅಧ್ಯಯನ ತೋರಿಸಿತು.

ನನಗೆ ಇನ್ನೂ ಮುಖ್ಯ ಅನಿಸಿದ್ದು 2013ರಲ್ಲಿ ಪ್ರಕಟವಾದ ರಾಚೆಸ್ಟರ್ ವಿಶ್ವವಿದ್ಯಾಲಯದ ಪ್ರಯೋಗ. ಅಲ್ಲಿ ತಿಂಡಿ ಇಡುವ ಮೊದಲು ಮಕ್ಕಳಿಗೆ ಹಳೆಯ ಕ್ರೇಯಾನು ಕೊಟ್ಟರು. ‘ಸ್ವಲ್ಪ ಕಾದರೆ ಇದಕ್ಕಿಂತ ಚೆನ್ನಾಗಿರೋ ಬಣ್ಣ ತಂದುಕೊಡ್ತೀನಿ’ ಅಂದರು. ಅರ್ಧ ಮಕ್ಕಳಿಗೆ ನಿಜವಾಗಿಯೂ ತಂದುಕೊಟ್ಟರು. ಉಳಿದ ಅರ್ಧ ಮಕ್ಕಳ ಹತ್ತಿರ ಬರಿಗೈಯಲ್ಲಿ ಬಂದು, ‘ಕ್ಷಮಿಸು, ಇರಲಿಲ್ಲ’ ಅಂದರು. ಸ್ಟಿಕ್ಕರಿನ ವಿಷಯದಲ್ಲೂ ಹಾಗೇ ಮಾಡಿದರು. ಆಮೇಲೆ ತಿಂಡಿ ಇಟ್ಟರು. ಮಾತು ಉಳಿಸಿಕೊಂಡವರ ಮುಂದೆ ಕೂತ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ ಕೂತವರು ಸುಮಾರು 3 ನಿಮಿಷ. 14 ಮಕ್ಕಳಲ್ಲಿ ಒಂದೇ ಒಂದು ಮಗು ಕೊನೆಯ ತನಕ ಕಾಯಿತು.

ಆ ಹದಿಮೂರು ಮಕ್ಕಳು ಆಸೆಬುರುಕರಲ್ಲ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಈ ಮನುಷ್ಯನ ಮಾತು ನಂಬಿ ಕೂತರೆ ಏನೂ ಸಿಗಲ್ಲ, ಸಿಕ್ಕಿದ್ದು ತಿಂದುಬಿಡೋಣ ಅಂತ. ಇಲ್ಲಿರುವ ಅಪ್ಪ ಅಮ್ಮಂದಿರು ಇದನ್ನು ಸ್ವಲ್ಪ ಮನಸ್ಸಿಗೆ ತೆಗೆದುಕೊಳ್ಳಬೇಕು. ‘ನಾಳೆ ಕೊಡಿಸ್ತೀನಿ’ ಅಂದು ಮರೆಯುವ ಮನೆಯಲ್ಲಿ ಮಗುವಿಗೆ ತಾಳ್ಮೆ ಕಲಿಸುವುದು ಕಷ್ಟ.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಕಾಯುವ ಶಕ್ತಿ ಹಲ್ಲುಕಚ್ಚಿ ಕೂರುವುದರಿಂದ ಬರುವುದಕ್ಕಿಂತ ಜಾಸ್ತಿ, ಮಾತು ಕೊಟ್ಟವನ ಮೇಲಿನ ನಂಬಿಕೆಯಿಂದ ಬರುತ್ತದೆ. ಆ ನಂಬಿಕೆ ಬೆಳೆಯುವ ಜಾಗ ಪ್ರಾರ್ಥನೆ. ನಾವು ತಪಸ್ಸು ಕಾಲದಲ್ಲಿ ಬಿಡುವುದರ ಕಡೆಗೆ ಅಷ್ಟೊಂದು ಗಮನ ಕೊಟ್ಟು, ನಂಬುವುದನ್ನು ಹಾಗೇ ಬಿಟ್ಟುಬಿಡುತ್ತೇವೆ.

ಬೈಬಲ್ಲಿನಲ್ಲಿ ಚಿನ್ನದ ಕರುವಿನ ಕಥೆ ನಿಮಗೆಲ್ಲ ಗೊತ್ತು. ಅದನ್ನು ವಿಗ್ರಹದ ಕಥೆ ಅಂತ ಮಾತ್ರ ಕೇಳಿದ್ದೇವೆ. ಇನ್ನೊಂದು ಸಲ ಓದಿ, ಅದು ಕಾಯಲಾರದವರ ಕಥೆ. ಇಸ್ರಯೇಲರನ್ನು ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿ ತಂದ ಮೋಶೆ, ದೇವರ ಮಾತು ಕೇಳಲು ಬೆಟ್ಟ ಹತ್ತುವ ಮೊದಲು ಹಿರಿಯರಿಗೆ ಸ್ಪಷ್ಟವಾಗಿ ಹೇಳಿದ್ದಾನೆ, ನಾವು ವಾಪಸ್ ಬರುವ ತನಕ ಇಲ್ಲೇ ಇರಿ ಅಂತ. ಅವನು ಬೆಟ್ಟದ ಮೇಲಿದ್ದದ್ದು 40 ದಿನ. ವಿಮೋಚನಾಕಾಂಡದ 32ನೇ ಅಧ್ಯಾಯ ಶುರುವಾಗುವುದೇ ಮೋಶೆ ಬರುವುದು ತಡವಾಯಿತು ಅನ್ನುವ ಮಾತಿನಿಂದ. ಜನ ಮೋಶೆಯ ಅಣ್ಣ ಆರೋನನ ಹತ್ತಿರ ಬಂದು ಏನನ್ನುತ್ತಾರೆ? ನಮ್ಮನ್ನು ಕರೆದುಕೊಂಡು ಬಂದ ಆ ಮೋಶೆ ಏನಾದನೋ ಗೊತ್ತಿಲ್ಲ, ಎದ್ದೇಳು, ನಮಗೊಂದು ದೇವರನ್ನು ಮಾಡಿಕೊಡು. ಹೆಂಡತಿ ಮಕ್ಕಳ ಕಿವಿಯ ಓಲೆ ಬಿಚ್ಚಿ ಕೊಟ್ಟರು. ಮಾರನೆಯ ದಿನ ಬೆಳಿಗ್ಗೆ ಬಲಿ ಅರ್ಪಿಸಿ, ಕೂತು ಉಂಡು ಕುಡಿದು, ಕುಣಿಯಲು ಎದ್ದರು.

ಇದರಲ್ಲಿ ನನಗೆ ಸಂಕಟ ಆಗುವುದು ಒಂದು ವಿಷಯಕ್ಕೆ. ಆ ದಿನಗಳಲ್ಲೂ ಅವರ ಪಾಳೆಯದ ಸುತ್ತ ಮನ್ನಾ, ಅಂದರೆ ದೇವರು ಆಕಾಶದಿಂದ ಕೊಡುತ್ತಿದ್ದ ಆಹಾರ, ಬೀಳುತ್ತಲೇ ಇತ್ತು. ದೇವರು ಕೊಟ್ಟ ಮಾತು ದಿನಾ ಬೆಳಿಗ್ಗೆ ಕಣ್ಣ ಮುಂದೆ ನೆರವೇರುತ್ತಿತ್ತು. ಅದನ್ನು ತಿಂದುಕೊಂಡೇ ಅವರು ‘ಏನಾದನೋ ಗೊತ್ತಿಲ್ಲ’ ಅಂದರು. ಮನ್ನಾದ ನಿಯಮ ನೆನಪಿದೆಯಲ್ವಾ? ಆ ದಿನಕ್ಕೆ ಎಷ್ಟು ಬೇಕೋ ಅಷ್ಟೇ ತೆಗೆದುಕೊಳ್ಳಬೇಕು. ನಾಳೆಗೆ ಅಂತ ಎತ್ತಿಟ್ಟರೆ ಹುಳ ಬೀಳುತ್ತಿತ್ತು. ಆರನೇ ದಿನ ಮಾತ್ರ ಎರಡು ದಿನದ್ದು. ಪ್ರತಿ ರಾತ್ರಿ ಖಾಲಿ ಪಾತ್ರೆ ಇಟ್ಟುಕೊಂಡು ಮಲಗಬೇಕು, ನಾಳೆ ಕೊಡುತ್ತಾನೆ ಅಂತ ನಂಬಬೇಕು. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರ ಕೇಳುವಾಗ ನಾವು ಕೇಳುತ್ತಿರುವುದೂ ಇದನ್ನೇ.

ಏಸಾವನದು ಇನ್ನೂ ಚಿಕ್ಕ ಕಥೆ. ಹೊಲದಿಂದ ಸುಸ್ತಾಗಿ ಬಂದ. ತಮ್ಮ ಬೇಳೆಯ ಸಾರು ಬೇಯಿಸುತ್ತಿದ್ದ. ಅದರ ಹೆಸರು ಕೂಡ ಬಾಯಿಗೆ ಬರಲಿಲ್ಲ ಅವನಿಗೆ, ಆ ಕೆಂಪಗಿರುವುದನ್ನು ಕೊಡು ಅಂದ. ನಿನ್ನ ಹಿರಿಮಗನ ಹಕ್ಕನ್ನು ನನಗೆ ಮಾರಿದರೆ ಕೊಡ್ತೀನಿ ಅಂದ ತಮ್ಮ. ಏಸಾವ ‘ನಾನು ಸಾಯ್ತಾ ಇದ್ದೀನಿ, ಚೊಚ್ಚಲತನದ ಹಕ್ಕು ಯಾಕೆ ಬೇಕು’ ಎಂಬಂತೆ ಮಾತಾಡಿದ. ಸಾಯುತ್ತಿರಲಿಲ್ಲ, ಹಸಿವಾಗಿತ್ತು ಅಷ್ಟೇ. ಆಸೆ ಬಂದಾಗ ನಮಗೂ ಹಾಗೇ ಅನಿಸುತ್ತದೆ, ಇದು ಈಗ ಸಿಗದಿದ್ದರೆ ಸತ್ತೇ ಹೋಗ್ತೀನಿ ಅಂತ. ಹಕ್ಕು ಮಾರಿದ, ತಿಂದ, ಕುಡಿದ, ಎದ್ದು ಹೋದ. ಆದಿಕಾಂಡ ಆ ಊಟವನ್ನು ಅಷ್ಟರಲ್ಲೇ ಮುಗಿಸುತ್ತದೆ. ರುಚಿ ಹೇಗಿತ್ತು ಅಂತ ಒಂದು ಮಾತೂ ಇಲ್ಲ.

ಇನ್ನು ಯೇಸುಸ್ವಾಮಿಯ ಶೋಧನೆ, ಅಂದರೆ ಮರುಭೂಮಿಯಲ್ಲಿ ಸೈತಾನ ಅವರಿಗೆ ಒಡ್ಡಿದ ಪರೀಕ್ಷೆ. ತಪಸ್ಸು ಕಾಲದ ಮೊದಲ ಭಾನುವಾರ ಪ್ರತಿ ವರ್ಷ ಇದನ್ನು ಕೇಳುತ್ತೇವೆ. 40 ದಿನ ಉಪವಾಸ, ಹಸಿವು, ಸುತ್ತಲೂ ಕಲ್ಲು. ಕಲ್ಲನ್ನು ರೊಟ್ಟಿ ಮಾಡಿಕೊಂಡು ತಿಂದಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು? ರೊಟ್ಟಿ ಪಾಪವಲ್ಲ. ಮುಂದೆ ಅವರೇ ಸಾವಿರಾರು ಜನರಿಗೆ ರೊಟ್ಟಿ ಕೊಟ್ಟರು. ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಇಟ್ಟು ಶಿಷ್ಯರನ್ನು ಊಟಕ್ಕೆ ಕರೆದರು. ಹಾಗಾಗಿ ಕ್ರೈಸ್ತ ವಿಶ್ವಾಸ ಸುಖಕ್ಕೆ ವಿರೋಧಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸೈತಾನನ ಮಾತನ್ನು ಗಮನಿಸಿ. ‘ನೀನು ದೇವರ ಪುತ್ರನಾಗಿದ್ದರೆ’ ಅಂತ ಶುರು ಮಾಡುತ್ತಾನೆ. ಅದಕ್ಕೆ ಸ್ವಲ್ಪ ಮುಂಚೆ ಜೋರ್ಡನ್ ನದಿಯಲ್ಲಿ ಏನಾಗಿತ್ತು? ಇವನೇ ನನ್ನ ಪ್ರಿಯ ಪುತ್ರ ಅಂತ ತಂದೆಯ ಧ್ವನಿ ಕೇಳಿತ್ತು. ಆ ಮಾತು ಸಾಲದು, ಪುರಾವೆ ಈಗಲೇ ಬೇಕು ಅನ್ನಿಸುವುದೇ ಶೋಧನೆ. ಏದೆನ್ ತೋಟದಲ್ಲೂ ಹಾವು ಮೊದಲು ಕೇಳಿದ್ದು ದೇವರು ನಿಜವಾಗಿ ಹಾಗೆ ಹೇಳಿದ್ದಾರಾ ಅಂತ. ಮೊದಲು ನಂಬಿಕೆ ಅಲುಗಾಡಿತು, ಆಮೇಲೆ ಹಣ್ಣು ಕಣ್ಣಿಗೆ ಚೆಂದ ಕಂಡಿತು. ಯೇಸುಸ್ವಾಮಿ ವಾದಕ್ಕೆ ಇಳಿಯಲಿಲ್ಲ. ಮೂರು ಸಲವೂ ಉತ್ತರ ಕೊಟ್ಟದ್ದು ಧರ್ಮೋಪದೇಶಕಾಂಡದ ವಾಕ್ಯಗಳಿಂದ. ಅಂದರೆ ಬಾಯಿಪಾಠ ಆಗಿದ್ದ ಮಾತುಗಳಿಂದ. ಹಸಿವಿನ ಹೊತ್ತಲ್ಲಿ ಹೊಸದಾಗಿ ಯೋಚಿಸಲು ತಲೆ ಓಡುವುದಿಲ್ಲ. ಮೊದಲೇ ಮನಸ್ಸಲ್ಲಿ ಇಳಿದಿರುವುದು ಮಾತ್ರ ಕೈಗೆ ಬರುತ್ತದೆ.

ಇದನ್ನು ತುಂಬಾ ಚೆನ್ನಾಗಿ ಅರ್ಥ ಮಾಡಿಕೊಂಡವರು ನಾಲ್ಕನೇ ಶತಮಾನದ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು. ಅವರಲ್ಲಿ ಇವಾಗ್ರಿಯಸ್ ಅಂತ ಒಬ್ಬರಿದ್ದರು. ಕಪ್ಪು ಸಮುದ್ರದ ದಡದ ಪೊಂಟಸ್ ಪ್ರಾಂತ್ಯದವರು. ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ದೊಡ್ಡ ಹೆಸರು ಮಾಡಿದ್ದರು. ಅಲ್ಲಿ ಒಬ್ಬ ವಿವಾಹಿತ ಹೆಣ್ಣುಮಗಳ ಮೇಲೆ ಮನಸ್ಸಾಗಿ, ಅದರಿಂದ ತಪ್ಪಿಸಿಕೊಳ್ಳಲು ಊರು ಬಿಟ್ಟು, ಕೊನೆಗೆ ಈಜಿಪ್ಟಿನ ಮರುಭೂಮಿ ಸೇರಿ 399ರಲ್ಲಿ ತೀರಿಕೊಂಡರು. ಆಸೆಯ ಬಗ್ಗೆ ಪುಸ್ತಕ ಓದಿ ಬರೆದವರಲ್ಲ.

ಅವರು ‘ಮಧ್ಯಾಹ್ನದ ದೆವ್ವ’ದ ಬಗ್ಗೆ ಬರೆದಿದ್ದಾರೆ. ಆ ಹೆಸರು ಬೈಬಲ್ಲಿನ ಒಂದು ಕೀರ್ತನೆಯಿಂದ ಬಂದದ್ದು. ಬೆಳಿಗ್ಗೆ ಹತ್ತರ ಸುಮಾರಿಗೆ ಅದು ಬರುತ್ತದೆ, ಮಧ್ಯಾಹ್ನ ಎರಡರ ತನಕ ಸನ್ಯಾಸಿಯ ಬೆನ್ನು ಬಿಡುವುದಿಲ್ಲ. ಸೂರ್ಯ ನಿಂತೇಬಿಟ್ಟಿದ್ದಾನೆ, ದಿನಕ್ಕೆ 50 ಗಂಟೆ ಇದೆ ಅನಿಸುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ. ಕೋಣೆಯಿಂದ ಹೊರಗೆ ಬಂದು, ಊಟದ ಹೊತ್ತಿಗೆ ಇನ್ನೆಷ್ಟು ಉಳಿದಿದೆ ಅಂತ ಸೂರ್ಯನನ್ನು ನೋಡುತ್ತಾನೆ. ಆ ಕಡೆ ಈ ಕಡೆ ಕಣ್ಣಾಡಿಸುತ್ತಾನೆ, ಯಾರಾದರೂ ಬರ್ತಾ ಇದ್ದಾರಾ ಅಂತ. ಆಮೇಲೆ ಈ ಜಾಗವೇ ಸರಿಯಿಲ್ಲ, ಈ ಕೆಲಸವೇ ಸರಿಯಿಲ್ಲ, ಇಲ್ಲಿರುವವರಿಗೆ ಪ್ರೀತಿಯೇ ಇಲ್ಲ, ಬೇರೆ ಕಡೆ ಹೋದರೆ ಬದುಕು ಸುಲಭ ಅನ್ನುವ ಯೋಚನೆಗಳು ಶುರು.

ಆ ಕಿಟಕಿಯ ಜಾಗದಲ್ಲಿ ಫೋನ್ ಇಟ್ಟು ನೋಡಿ, ಇದು ನಮ್ಮ ಆಫೀಸಿನ ಮಧ್ಯಾಹ್ನ, ನಮ್ಮ ಹಾಸ್ಟೆಲ್ ರೂಮು. ನೋಟಿಫಿಕೇಶನ್ ಬಂದಿರುವುದಿಲ್ಲ, ಆದರೂ ತೆಗೆದು ನೋಡುತ್ತೇವೆ. ಖುಷಿಗೆ ನೋಡ್ತೀವಿ ಅಂದುಕೊಂಡಿದ್ದೇವೆ. ಹೆಚ್ಚಿನ ಸಲ ಇದ್ದಲ್ಲಿ ಇರಲಾರದೆ ನೋಡುತ್ತೇವೆ. ರೀಲ್ಸ್ ಆಗಲಿ, ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ಐಸ್‌ಕ್ರೀಮ್ ಆಗಲಿ, ಸಾಲದ ಆ್ಯಪ್ ಆಗಲಿ, ಎಲ್ಲದರ ಕೆಳಗೆ ಈ ತಳಮಳ ಇದೆ. ಅದನ್ನು ಬಿಟ್ಟು ಬರೀ ಫೋನನ್ನು ಬೈದು ಪ್ರಯೋಜನವಿಲ್ಲ.

ಇದೇ ತಳಮಳ ಅಂತೋಣಿಯವರಿಗೂ ಬಂದಿತ್ತು. ನಾವು ಮಂಗಳವಾರ ನೊವೇನ ಮಾಡುವ ಪಾದುವಾದ ಅಂತೋಣಿಯವರಲ್ಲ, ಅವರಿಗಿಂತ ಸುಮಾರು ಒಂಬತ್ತು ಶತಮಾನ ಹಿಂದಿನ ಈಜಿಪ್ಟಿನ ಅಂತೋಣಿ. ಮನಸ್ಸು ಕೂರುತ್ತಿಲ್ಲ, ನಾನೇನು ಮಾಡಲಿ ಅಂತ ದೇವರನ್ನು ಕೇಳಿದರು. ಹೊರಗೆ ಬಂದಾಗ ತಮ್ಮ ಹಾಗೇ ಇರುವ ಒಬ್ಬರು ಕಂಡರು. ಅವರು ಕೂತು ಹಗ್ಗ ಹೆಣೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು ನಿಂತು ಪ್ರಾರ್ಥನೆ ಮಾಡಿದರು. ಮತ್ತೆ ಕೂತು ಹೆಣೆದರು, ಮತ್ತೆ ಎದ್ದು ಪ್ರಾರ್ಥಿಸಿದರು. ಅವರು ದೇವದೂತ. ಹೀಗೆ ಮಾಡು, ಉದ್ಧಾರ ಆಗುತ್ತೀಯ ಅಂದರಂತೆ. ಉತ್ತರ ಇಷ್ಟೇ. ರೋಮಾಂಚನ ಇಲ್ಲ. ಕೈಗೆ ಒಂದು ಕೆಲಸ, ನಡುನಡುವೆ ಚಿಕ್ಕ ಪ್ರಾರ್ಥನೆ, ಮತ್ತೆ ಅದೇ ಕೆಲಸ. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ ಜಪಸರ ಹೇಳುವ ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಚಿಕ್ಕ ಪ್ರಾರ್ಥನೆ ಅಂದರೆ ಎಷ್ಟು ಚಿಕ್ಕದು? ಈ ಸನ್ಯಾಸಿಗಳಿಂದ ಕಲಿತು ಹೋದ ಜಾನ್ ಕ್ಯಾಸಿಯನ್ ಅವರು 70ನೇ ಕೀರ್ತನೆಯ ಮೊದಲ ಸಾಲನ್ನು ದಾಟಿಸಿದರು: ದೇವರೇ, ನನ್ನ ನೆರವಿಗೆ ಬನ್ನಿ, ಪ್ರಭುವೇ, ಬೇಗ ಬಂದು ಸಹಾಯ ಮಾಡಿ. ಇವತ್ತಿಗೂ ಧರ್ಮಸಭೆಯ ದಿನದ ಪ್ರಾರ್ಥನೆಗಳು ಇದೇ ಸಾಲಿನಿಂದ ಶುರುವಾಗುತ್ತವೆ. ಆಸೆ ಬಂದ ಕ್ಷಣದಲ್ಲಿ ಇದನ್ನು ಹೇಳಿ. ಹೇಳಿದ ಮೇಲೆ ಆ ಆಸೆಯನ್ನೂ ಇದ್ದ ಹಾಗೇ ಹೇಳಿ. ‘ಪ್ರಭು, ನನಗೆ ಈಗ ಆ ವಿಡಿಯೋ ನೋಡಬೇಕು ಅನಿಸ್ತಾ ಇದೆ. ಒಂಟಿತನ ಕಾಡ್ತಾ ಇದೆ.’ ಮುಚ್ಚಿಟ್ಟುಕೊಂಡು ಒಳ್ಳೆಯ ಮಾತು ಮಾತ್ರ ಆಡಿದರೆ ಅದು ಪ್ರಾರ್ಥನೆಯಾಗುವುದಿಲ್ಲ. ದೇವರ ಮುಂದೆ ಹೇಳಿಕೊಂಡ ಆಸೆಗೆ ಅಷ್ಟು ಗಡಿಬಿಡಿ ಇರುವುದಿಲ್ಲ. ನೀವೇ ನೋಡಿ.

ಇನ್ನೊಬ್ಬರು ಲೊಯೋಲಾದ ಇಗ್ನೇಷಿಯಸ್. ಮಂಗಳೂರಿನ ಅಲೋಶಿಯಸ್‌ನಲ್ಲೋ ಬೆಂಗಳೂರಿನ ಜೋಸೆಫ್ಸ್‌ನಲ್ಲೋ ಓದಿದವರಿಗೆ ಹೆಸರು ಗೊತ್ತಿರುತ್ತದೆ, ಯೇಸುಸಭೆಯನ್ನು ಕಟ್ಟಿದವರು. 1521ರಲ್ಲಿ ಪಾಂಪ್ಲೋನಾ ಕೋಟೆಯ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಾಗ ಓದಲು ವೀರರ ಪ್ರೇಮಕಥೆಗಳನ್ನು ತಂದುಕೊಡಿ ಅಂದರು. ಮನೆಯಲ್ಲಿ ಇದ್ದದ್ದು ಕ್ರಿಸ್ತನ ಚರಿತ್ರೆ, ಸಂತರ ಚರಿತ್ರೆ. ಬೇರೆ ಗತಿಯಿಲ್ಲದೆ ಅದನ್ನೇ ಓದಿದರು. ಒಬ್ಬ ರಾಜಮನೆತನದ ಹೆಣ್ಣಿನ ಬಗ್ಗೆ ಎರಡು, ಮೂರು, ನಾಲ್ಕು ಗಂಟೆ ಹಗಲುಗನಸು ಕಾಣುತ್ತಿದ್ದರಂತೆ. ಆಗ ತುಂಬಾ ಖುಷಿ. ಮುಗಿದ ಮೇಲೆ ಒಳಗೆಲ್ಲ ಒಣಒಣ. ಸಂತರ ಹಾಗೆ ಬದುಕಬೇಕು ಅನ್ನುವ ಯೋಚನೆಯೂ ಖುಷಿ ಕೊಡುತ್ತಿತ್ತು. ಆದರೆ ಆ ಖುಷಿ ಯೋಚನೆ ಮುಗಿದ ಮೇಲೂ ಉಳಿಯುತ್ತಿತ್ತು. ಈ ವ್ಯತ್ಯಾಸ ಅವರ ಬದುಕನ್ನೇ ಬದಲಿಸಿತು.

ಇಲ್ಲಿಂದ ಅವರು ಕಲಿಸಿದ ಮೂರು ವಿಷಯ ನನಗೆ ದಿನಾ ಬೇಕಾಗುತ್ತವೆ. ಮನಸ್ಸು ಒಣಗಿ ಪ್ರಾರ್ಥನೆ ಬೇಡ ಅನಿಸಿದಾಗ, ಅಂದುಕೊಂಡದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಕೂರಿ ಅನ್ನುತ್ತಾರೆ. ಬೇಸರದ ಹೊತ್ತಿನಲ್ಲಿ ಹಿಂದಿನ ನಿರ್ಧಾರ ಬದಲಿಸಬೇಡಿ ಅನ್ನುತ್ತಾರೆ. ಮೂರನೆಯದು ಊಟದ ಬಗ್ಗೆ: ಮುಂದಿನ ಊಟದಲ್ಲಿ ಎಷ್ಟು ತಿನ್ನಬೇಕು ಅನ್ನುವುದನ್ನು ಈಗಿನ ಊಟ ಮುಗಿದು ಹಸಿವಿಲ್ಲದಾಗ ತೀರ್ಮಾನಿಸಿ. ಎಷ್ಟು ಸರಳ ನೋಡಿ. ರಾತ್ರಿ ಹನ್ನೊಂದಕ್ಕೆ ಫೋನ್ ಕೈಯಲ್ಲಿರುವಾಗ ‘ಇನ್ನೆಷ್ಟು ಹೊತ್ತು’ ಅಂತ ಕೇಳಿಕೊಂಡರೆ ಸರಿಯಾದ ಉತ್ತರ ಬರುವುದಿಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಕೇಳಿಕೊಳ್ಳಿ. ಚಾರ್ಜರನ್ನು ಮಲಗುವ ಕೋಣೆಯಿಂದ ಹೊರಗಿಡುವ ಕೆಲಸವನ್ನೂ ಆಗಲೇ ಮಾಡಿ.

ಈ ಕೊನೆಯ ಮಾತು ಯಾಕೆ ಹೇಳಿದೆ ಅಂದರೆ, ಪ್ರಾರ್ಥನೆ ಮಾಡಿದ್ದೀನಿ, ನನಗೇನೂ ಆಗಲ್ಲ ಅನ್ನುವ ಧೈರ್ಯ ಒಳ್ಳೆಯದಲ್ಲ. ಸಂತ ಅಗಸ್ಟೀನರ ಗೆಳೆಯ ಅಲಿಪಿಯಸ್ ರೋಮಿನಲ್ಲಿ ಓದುತ್ತಿದ್ದರು. ಮನುಷ್ಯರು ಕತ್ತಿ ಹಿಡಿದು ಸಾಯುವ ತನಕ ಹೊಡೆದಾಡುವ ಆಟ ಅವರಿಗೆ ಅಸಹ್ಯ. ಸ್ನೇಹಿತರು ಬಲವಂತವಾಗಿ ಎಳೆದುಕೊಂಡು ಹೋದರು. ದೇಹ ಮಾತ್ರ ಅಲ್ಲಿರುತ್ತದೆ, ಕಣ್ಣು ತೆರೆಯಲ್ಲ ಅಂತ ಅಲಿಪಿಯಸ್ ಕಣ್ಣು ಮುಚ್ಚಿ ಕೂತರು. ಒಬ್ಬ ಬಿದ್ದಾಗ ಜನರೆಲ್ಲ ಒಟ್ಟಿಗೆ ಕೂಗಿದರು. ಏನಾಯಿತೋ ನೋಡೋಣ ಅಂತ ಕಣ್ಣು ತೆರೆದರು, ಅಷ್ಟೇ. ಆಮೇಲೆ ತಾವೇ ಕೂಗಿದರು, ತಾವೇ ಬೇರೆಯವರನ್ನು ಕರೆದುಕೊಂಡು ಹೋಗತೊಡಗಿದರು. ದೇವರನ್ನು ನಂಬುವ ಬದಲು ತನ್ನನ್ನೇ ನಂಬಿದ್ದ ಅಂತ ಅಗಸ್ಟೀನರು ಬರೆಯುತ್ತಾರೆ. ಅಲಿಪಿಯಸ್ ಅದರಿಂದ ಹೊರಬಂದರು, ಮುಂದೆ ಬಿಷಪರೂ ಆದರು. ಆದರೆ ಹೊರಬರಲು ಬಹಳ ಕಾಲ ಹಿಡಿಯಿತು.

ಪ್ರಾರ್ಥನೆಯ ಬಗ್ಗೆ ಒಂದು ಕಠಿಣ ಮಾತು ಹೇಳಲೇಬೇಕು. ಈಗಲೇ ಬೇಕು ಅನ್ನುವ ರೋಗ ಪ್ರಾರ್ಥನೆಗೂ ಅಂಟಿದೆ. ‘ಇದನ್ನು ಹತ್ತು ಜನಕ್ಕೆ ಕಳಿಸಿ, ಇಂದೇ ಶುಭಸುದ್ದಿ ಬರುತ್ತದೆ’ ಅನ್ನುವ ಮೆಸೇಜು ನಮ್ಮ ಗುಂಪುಗಳಲ್ಲೇ ಓಡಾಡುತ್ತದೆ. ಇಷ್ಟು ಕೊಟ್ಟರೆ ಇಷ್ಟು ದಿನದಲ್ಲಿ ಪವಾಡ ಅಂತ ಸಾರುವ ಬೋಧಕರಿದ್ದಾರೆ. ಇದು ದೇವರನ್ನು ಡೆಲಿವರಿ ಆ್ಯಪ್ ಮಾಡಿಕೊಂಡ ಹಾಗೆ. ತಡವಾದರೆ ಇಂಥ ಭಕ್ತಿ ಬೇರೆ ಬೋಧಕರನ್ನು ಹುಡುಕಿಕೊಂಡು ಹೋಗುತ್ತದೆ.

ಮೋನಿಕಾ ತಾಯಿಯನ್ನು ನೋಡಿ. ಮಗ ಅಗಸ್ಟೀನ್ ಹತ್ತೊಂಬತ್ತರ ಸುಮಾರಿಗೆ ವಿಶ್ವಾಸ ಬಿಟ್ಟು ಮಾನಿ ಪಂಥ ಸೇರಿದ. ತಾಯಿ ಅತ್ತು ಅತ್ತು ಪ್ರಾರ್ಥಿಸಿದರು. 383ರಲ್ಲಿ ಅವನು ಕಾರ್ತೇಜಿನಿಂದ ರೋಮಿಗೆ ಹಡಗು ಹತ್ತಲು ಹೊರಟ. ತಾಯಿ ಸಮುದ್ರದ ದಡದ ತನಕ ಬೆನ್ನು ಹತ್ತಿ ಬಂದರು. ಅವನು ಸುಳ್ಳು ಹೇಳಿದ. ಗೆಳೆಯನನ್ನು ಬೀಳ್ಕೊಡಲು ಬಂದಿದ್ದೀನಿ, ಗಾಳಿ ಬರುವ ತನಕ ಇರಬೇಕು ಅಂದ. ಹತ್ತಿರದಲ್ಲಿದ್ದ ಸಂತ ಸಿಪ್ರಿಯನರ ಗುಡಿಯಲ್ಲಿ ತಾಯಿ ರಾತ್ರಿಯೆಲ್ಲ ಪ್ರಾರ್ಥಿಸಿದರು: ಅವನನ್ನು ಹೋಗಲು ಬಿಡಬೇಡಿ. ಬೆಳಿಗ್ಗೆ ನೋಡಿದರೆ ಹಡಗು ಹೋಗಿತ್ತು. ಆ ತಾಯಿಯ ದುಃಖ ಊಹಿಸಿಕೊಳ್ಳಿ. ಆದರೆ ಆ ಪ್ರಯಾಣವೇ ಅವನನ್ನು ಮಿಲಾನಿನ ಬಿಷಪ್ ಆಂಬ್ರೋಸರ ಹತ್ತಿರ ಮುಟ್ಟಿಸಿತು. 387ರ ಈಸ್ಟರ್ ಜಾಗರಣೆಯ ರಾತ್ರಿ ಅವರ ಕೈಯಿಂದಲೇ ದೀಕ್ಷಾಸ್ನಾನ ಪಡೆದ. ತಾಯಿ ಸದಾ ಕೇಳುತ್ತಿದ್ದುದನ್ನು ಕೊಡಲಿಕ್ಕಾಗಿ, ಆ ರಾತ್ರಿ ಕೇಳಿದ್ದನ್ನು ದೇವರು ಕೊಡಲಿಲ್ಲ ಅಂತ ಅಗಸ್ಟೀನರೇ ಬರೆದಿದ್ದಾರೆ. ಮೋನಿಕಾ ಅದೇ ವರ್ಷ ತೀರಿಕೊಂಡರು. ಅಷ್ಟು ವರ್ಷ ಅವರನ್ನು ಹಿಡಿದು ನಿಲ್ಲಿಸಿದ್ದು ಬರೀ ಮನೋಬಲ ಅಂತ ನನಗೆ ಅನಿಸುವುದಿಲ್ಲ. ಕೊಟ್ಟ ಮಾತಿಗೆ ದೇವರು ತಪ್ಪುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಎದ್ದು ಕೇಳಿದ: ‘ಎಷ್ಟು ಪ್ರಾರ್ಥನೆ ಮಾಡಿದರೂ ಆ ಆಸೆ ಹೋಗ್ತಾ ಇಲ್ಲ. ನನ್ನ ನಂಬಿಕೆ ಕಮ್ಮಿನಾ?’ ಇಲ್ಲಪ್ಪ. ಸಂತ ಪೌಲರು ತಮ್ಮನ್ನು ಮುಳ್ಳಿನ ಹಾಗೆ ಚುಚ್ಚುತ್ತಿದ್ದ ಒಂದು ಬಾಧೆಯನ್ನು ತೆಗೆಯಿರಿ ಅಂತ ಮೂರು ಸಲ ಬೇಡಿಕೊಂಡರು. ಮುಳ್ಳು ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ಆಸೆ ಮತ್ತೆ ಬಂದದ್ದು ಪಾಪವಲ್ಲ. ಬಿದ್ದರೆ ಪಾಪನಿವೇದನೆಗೆ ಹೋಗಿ, ಎದ್ದು ಬನ್ನಿ, ಮತ್ತೆ ಕೂತು ಹಗ್ಗ ಹೆಣೆಯಿರಿ.

ಇನ್ನೊಂದು ಮಾತು. ಆಟವೋ ವಿಡಿಯೋವೋ ಸಾಲವೋ ನಿದ್ದೆ, ಓದು, ಕೆಲಸ ಎಲ್ಲವನ್ನೂ ತಿನ್ನುತ್ತಿದ್ದರೆ, ಪ್ರಾರ್ಥನೆಯ ಜೊತೆಗೆ ಡಾಕ್ಟರ ಹತ್ತಿರವೂ ಹೋಗಿ. ಅದು ವಿಶ್ವಾಸದ ಕೊರತೆ ಅಲ್ಲವೇ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥದ್ದಕ್ಕೆಂದೇ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ನಮ್ಮಲ್ಲಿ ಯಾರಿಗಾದರೂ ಹೇಳಿ, ಜೊತೆಗೆ ಬರುತ್ತೇವೆ.